ಗೋವಾದಲ್ಲಿ ಮಳೆಗಾಲದ ಶೂಟಿಂಗ್: ‘ಸಾಕು, ನಿಲ್ಲಿಸಿ’ ಅನ್ನೋದು ಯಾರು?

ಜೂನ್ ಬಂತೆಂದರೆ ಬೆಂಗಳೂರಿನ ಯೂನಿಟ್‌ಗಳ ಕಣ್ಣು ಗೋವಾದ ಮೇಲೆ. ಹೋಟೆಲ್ ಬಾಡಿಗೆ ಇಳಿದಿರುತ್ತದೆ, ಬೀಚಿನಲ್ಲಿ ಜನ ಕಡಿಮೆ, ಕೋಟೆಗಳ ಕಲ್ಲೆಲ್ಲ ಹಸಿರು. ಹಾಡಿಗಾಗಲಿ, ಸೀರಿಯಲ್‌ನ ಹನಿಮೂನ್ ಎಪಿಸೋಡಿಗಾಗಲಿ ಇಷ್ಟು ಅಗ್ಗದಲ್ಲಿ ಇಷ್ಟು ಚೆಂದ ಬೇರೆ ಕಡೆ ಸಿಗುವುದು ಕಷ್ಟ. ಅಗ್ಗ ಯಾಕೆ ಅಂದರೆ ಉಳಿದವರೆಲ್ಲ ಆ ಸಮುದ್ರಕ್ಕೆ, ಆ ಗಾಳಿಗೆ ಹೆದರಿ ದೂರ ಇರುತ್ತಾರೆ.

ಅಪಾಯದ ಪಟ್ಟಿ ಮಾಡುವುದು ದೊಡ್ಡ ವಿದ್ಯೆಯೇನಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಕಷ್ಟ ಇರುವುದು ಸ್ಪಾಟ್‌ನಲ್ಲಿ. ‘ಇದೊಂದು ಟೇಕ್ ಮುಗಿಸಿಬಿಡೋಣ’ ಅಂದಾಗ ಬೇಡ ಅನ್ನುವವರು ಅಲ್ಲಿ ಯಾರೂ ಇರುವುದಿಲ್ಲ. ನಿರ್ದೇಶಕರಿಗೆ ಬೆಳಕು ಹೋಗುತ್ತಿದೆ, ನಿರ್ಮಾಪಕರಿಗೆ ದುಡ್ಡು ಹೋಗುತ್ತಿದೆ, ಸ್ಪಾಟ್ ಹುಡುಗನಿಗೆ ನಾಳೆಯ ಕೂಲಿ ಹೋದೀತೆಂಬ ಚಿಂತೆ. ಹಾಗಾಗಿ ನಿಲ್ಲಿಸುವ ಗೆರೆಯನ್ನು ಹಿಂದಿನ ರಾತ್ರಿಯೇ, ಎಲ್ಲರ ತಲೆ ತಣ್ಣಗಿರುವಾಗ, ಅಂಕಿಯಲ್ಲಿ ಕಾಲ್ ಶೀಟ್ (ಆ ದಿನದ ಶೂಟಿಂಗ್ ವಿವರದ ಹಾಳೆ) ಮೇಲೆ ಬರೆಯಬೇಕು. ಅದರ ಕೆಳಗೆ ಒಂದೇ ಒಂದು ಹೆಸರು. ಆ ಹೆಸರು ನಿರ್ದೇಶಕರದ್ದಾಗಬಾರದು, ನಿರ್ಮಾಪಕರದ್ದೂ ಆಗಬಾರದು. ಶೆಡ್ಯೂಲ್ ಮುಗಿಸುವುದೇ ಕೆಲಸವಾಗಿರುವ ಕೋ-ಡೈರೆಕ್ಟರ್ ಹೆಸರಂತೂ ಬೇಡವೇ ಬೇಡ. ಸ್ಪಾಟ್‌ನ ಖರ್ಚು-ವ್ಯವಸ್ಥೆ ನೋಡಿಕೊಳ್ಳುವ ಲೈನ್ ಪ್ರೊಡ್ಯೂಸರ್ ಕಡೆಯಿಂದ ಒಬ್ಬರನ್ನು ಅದಕ್ಕೆಂದೇ ಇಡಿ. ಅವರ ದಿನದ ಸಂಬಳ, ಒಂದು ಲೆನ್ಸ್ ಉಪ್ಪುನೀರಿಗೆ ಬಿದ್ದರೆ ಆಗುವ ನಷ್ಟದ ಮುಂದೆ ಏನೂ ಅಲ್ಲ.

ಮೊದಲು ಉಬ್ಬರ-ಇಳಿತದ ಮಾತು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಅಂದರೆ ಈ ಸೋಮವಾರ ಬೆಳಿಗ್ಗೆ 9ಕ್ಕೆ ರೆಕ್ಕಿಯಲ್ಲಿ (ಜಾಗ ನೋಡಲು ಹೋದಾಗ) ಕಂಡ ಅಗಲ ಮರಳು, ಮುಂದಿನ ಸೋಮವಾರ ಅದೇ 9ಕ್ಕೆ ಬಹುಪಾಲು ನೀರಿನಡಿ ಇರುತ್ತದೆ. ‘ಹೋದ ವಾರ ನೋಡಿದ್ದೀವಿ ಸಾರ್, ಜಾಗ ಬೇಕಾದಷ್ಟಿದೆ’ ಅನ್ನುವ ಮಾತಿನಲ್ಲಿರುವ ಮೋಸ ಇದೇ. ಗೋವಾದಲ್ಲಿ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸು ಏರಿಳಿತ ಸುಮಾರು 2 ಮೀಟರ್. ಐವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಬೀಚಿನಲ್ಲಿ 2 ಮೀಟರ್ ಏರಿದರೆ 100 ಮೀಟರ್ ಮರಳು ಮಾಯ. ಮುಂಬೈಯ ಮಢ್, ಅಕ್ಸಾ ಕಡೆ ಏರಿಳಿತ ಇದರ ದುಪ್ಪಟ್ಟು, ಆದ್ದರಿಂದ ಅಲ್ಲಿನ ಅಂದಾಜು ಇಲ್ಲಿಗೆ ನಡೆಯದು, ಇಲ್ಲಿನದು ಅಲ್ಲಿಗೆ ಖಂಡಿತ ನಡೆಯದು. ಗೋವಾಕ್ಕೆ ಮರ್ಮಗೋವಾ ಬಂದರಿನ ಟೈಡ್ ಟೇಬಲ್ ನೋಡಿ. ಇನ್ನೊಂದು ವಿಷಯ: ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಅರ್ಧ ನೀರು ಬಂದುಬಿಡುತ್ತದೆ. ನೀರು ಪೂರ್ತಿ ಇಳಿದ ಮೇಲೆ ಎರಡು ಗಂಟೆಯೊಳಗೆ ಟ್ರ್ಯಾಕ್, ಟ್ರಾಲಿ, ಕ್ರೇನ್ ಮೇಲೆ ಬಂದಿರಬೇಕು. ಒದ್ದೆ ಮರಳಿನಲ್ಲಿ ಕ್ರೇನ್ ಚಕ್ರ ಹೂತರೆ ಎಳೆಯಲು ಜೀಪ್ ಇಳಿಸೋಣ ಅನ್ನುವಂತಿಲ್ಲ, ಬೀಚಿನಲ್ಲಿ ವಾಹನ ಓಡಿಸುವುದಕ್ಕೆ ಇಲ್ಲಿ ದಂಡವಿದೆ.

ಅಲೆಯ ವಿಷಯಕ್ಕೆ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆಯ ಮುನ್ಸೂಚನೆ ಇದೆ. ಅದರಲ್ಲಿ ಅಲೆಯ ಎತ್ತರ ಒಂದನ್ನೇ ನೋಡಿ ಮುಚ್ಚಿಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಹದಿನಾಲ್ಕು-ಹದಿನೈದು ಸೆಕೆಂಡಿನ ಅಲೆ ನೋಡಲು ಸೌಮ್ಯವಾಗಿದ್ದರೂ ದಡಕ್ಕೆ ಬಂದಾಗ ಬಹಳ ಮೇಲಕ್ಕೆ ನುಗ್ಗುತ್ತದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಎರಡು ಗುಂಪಿನ ನಡುವೆ ಹತ್ತು ನಿಮಿಷ ಸಮುದ್ರ ಸುಮ್ಮನಿದ್ದರೂ ಇದ್ದೀತು. ವಾಗಾತೋರ್, ಅಂಜುನಾದ ಕಲ್ಲುಬಂಡೆಗಳ ಮೇಲೆ ಯಾರನ್ನಾದರೂ ನಿಲ್ಲಿಸುವ ಮೊದಲು ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಬಂಡೆ ಎಲ್ಲಿಯವರೆಗೆ ಕಪ್ಪಾಗಿ ಪಾಚಿಗಟ್ಟಿದೆಯೋ ಅಲ್ಲಿಯವರೆಗೂ ಸಮುದ್ರ ಬಂದುಹೋಗುತ್ತದೆ ಎಂದೇ ಲೆಕ್ಕ. ಆ ಗೆರೆಯ ಕೆಳಗೆ ಕಲಾವಿದರೂ ಇಲ್ಲ, ಟ್ರೈಪಾಡೂ ಇಲ್ಲ.

ಸೆಳವಿನದು ಬೇರೆಯೇ ಕಥೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಡುಬಣ್ಣದಲ್ಲಿ ಕಂಡರೆ ನೀರು ಒಳಕ್ಕೆ ಎಳೆದುಕೊಂಡು ಹೋಗುತ್ತಿರುವುದು ಅಲ್ಲೇ. ದುರದೃಷ್ಟಕ್ಕೆ ಫ್ರೇಮಿಗೆ ಚೆಂದ ಕಾಣುವುದೂ ಅದೇ ಜಾಗ. ಮಳೆಗಾಲದಲ್ಲಿ ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು. ಒದ್ದೆಯಾದ ಸೀರೆ, ಲೆಹೆಂಗಾ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಏಳಲಾರರು. ನಾಯಕಿಯ ಮೇಲೆ ಎಲ್ಲರ ಕಣ್ಣಿರುತ್ತದೆ, ಅವರನ್ನು ಹಿಡಿಯಲು ಹತ್ತು ಕೈ ಓಡುತ್ತವೆ. ನಿಜವಾದ ಅಪಾಯದಲ್ಲಿರುವವನು ಫ್ರೇಮಿನ ಹೊರಗೆ ಸಮುದ್ರಕ್ಕೆ ಬೆನ್ನು ಹಾಕಿ, ಬೆಳಕು ತಿರುಗಿಸುವ ಥರ್ಮಾಕೋಲ್ ಹಿಡಿದು ನಿಂತ ಹುಡುಗ. ವಾಸ್ಕೋದ ಬೈನಾ, ಝುವಾರಿನಗರದಿಂದ ದಿನಗೂಲಿಗೆ ಬರುವವರಲ್ಲಿ ನಮ್ಮ ಬಾಗಲಕೋಟೆ, ಗದಗ, ವಿಜಯಪುರ ಕಡೆಯವರು ಬಹಳ. ಬಯಲುಸೀಮೆಯಲ್ಲಿ ಬೆಳೆದವರಿಗೆ ಸಮುದ್ರದ ಪರಿಚಯ ಎಲ್ಲಿಂದ ಬರಬೇಕು? ಈಜು ಬರುತ್ತದೆಯೇ ಎಂದು ಬೆಳಿಗ್ಗೆಯೇ ಕನ್ನಡದಲ್ಲಿ ಕೇಳಿ ಬರೆದುಕೊಳ್ಳಿ. ಬಾರದವರಿಗೆ ನೀರಂಚಿನ ಕೆಲಸ ಕೊಡಬೇಡಿ, ಬರುವವರಿಗೂ ಲೈಫ್ ಜಾಕೆಟ್ ಹಾಕಿಸಿ.

2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ಮುಳುಗಿ ತೀರಿಕೊಂಡರು, ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ರಕ್ಷಣಾ ದೋಣಿ ಅಂದರೆ ದಡದಲ್ಲಿ ಕಟ್ಟಿಹಾಕಿದ ದೋಣಿಯಲ್ಲ. ಟೇಕ್‌ಗೆ ಮೊದಲೇ ನೀರಿಗಿಳಿದು, ಎಂಜಿನ್ ಚಾಲೂ ಇಟ್ಟುಕೊಂಡು, ಒಳಗೆ ಇಬ್ಬರು ಈಜುಗಾರರು ಕಣ್ಣು ಕೀಲಿಸಿ ಕೂತಿರುವ ದೋಣಿ. ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಟ್ರಾಲರ್‌ಗಳೆಲ್ಲ ದಡದಲ್ಲಿ. ಆಗ ‘ನಾನು ಬರ್ತೀನಿ’ ಅನ್ನುವ ಒಂಟಿ ದೋಣಿಯವನ ಧೈರ್ಯವನ್ನು ನೆಚ್ಚಿಕೊಳ್ಳಬೇಡಿ. ದೋಣಿಯ ದೃಶ್ಯ ಬೇಕೇಬೇಕೆಂದರೆ ಅಕ್ಟೋಬರ್ ನಂತರಕ್ಕೆ ತಳ್ಳಿ. ಬೀಚಿನಲ್ಲಿರುವ ದೃಷ್ಟಿ ಸಂಸ್ಥೆಯ ಲೈಫ್‌ಗಾರ್ಡ್‌ಗಳು ಕೆಂಪು ಬಾವುಟ ನೆಟ್ಟಿದ್ದರೆ ಅವರೊಡನೆ ಚೌಕಾಸಿಗೆ ನಿಲ್ಲಬೇಡಿ.

ಹೊಳೆ, ಜಲಪಾತಗಳಲ್ಲಿ ನೋಡಬೇಕಾದದ್ದು ನಿಮ್ಮ ತಲೆಯ ಮೇಲಿನ ಮಳೆಯನ್ನಲ್ಲ, ಘಟ್ಟದ ಮೇಲಿನ ಮಳೆಯನ್ನು. ತಿಳಿನೀರು ಕೆಂಪಾದರೆ, ಎಲೆ-ಕಡ್ಡಿ ತೇಲಿಬರತೊಡಗಿದರೆ, ಸದ್ದು ಬದಲಾದರೆ ಕ್ಯಾಮೆರಾ ಬಿಟ್ಟಾದರೂ ದಡ ಹತ್ತಬೇಕು. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ಹೀಗೆಯೇ, ಏಕಾಏಕಿ ಏರಿದ ನೀರಿನಲ್ಲಿ. ಪುಣೆಯಲ್ಲಿ ಮುಠಾ ನದಿಯ ಪಾತ್ರದಲ್ಲಿ ಕೆಲಸವಿದ್ದರೆ ಖಡಕ್‌ವಾಸ್ಲಾದಿಂದ ನೀರು ಬಿಡುವ ಸಮಯ ಕೇಳದೆ ಇಳಿಯಬೇಡಿ, ಭಿಡೆ ಸೇತುವೆ ಮುಳುಗುವುದು ಆ ನೀರಿಗೇ.

ಗಾಳಿಯನ್ನು ಎಲ್ಲರೂ ಕಡೆಗಣಿಸುತ್ತಾರೆ. ಬಿಸಿಲನ್ನು ಮೆದುಗೊಳಿಸಲು ಚೌಕಟ್ಟಿಗೆ ಕಟ್ಟುವ ಬಟ್ಟೆ, 20×20 ಅಡಿಯ ಸ್ಕ್ರಿಮ್ ಅಂದರೆ ಸುಮಾರು 37 ಚದರ ಮೀಟರಿನ ಹಾಯಿಪಟ. ಗಂಟೆಗೆ 30 ಕಿ.ಮೀ. ಗಾಳಿ ಅದಕ್ಕೆ ನೇರವಾಗಿ ಬಡಿದರೆ 160 ಕೆ.ಜಿ. ತೂಕದಷ್ಟು ತಳ್ಳುವಿಕೆ. ಗಾಳಿ ದುಪ್ಪಟ್ಟಾಗಿ 60 ಆದರೆ ತಳ್ಳುವಿಕೆ ನಾಲ್ಕು ಪಟ್ಟು, 640 ಕೆ.ಜಿ. ನಾಲ್ಕು ಮೂಲೆಗೆ ಒಂದೊಂದು ಮರಳಿನ ಚೀಲ ಕಟ್ಟಿ ಇಬ್ಬರು ಹುಡುಗರನ್ನು ನೇತುಹಾಕಿದರೆ ಅವರನ್ನೂ ಹೊತ್ತುಕೊಂಡು ಹೋಗುತ್ತದೆ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ದುಬಾರಿಯೇನಲ್ಲ. ಬೀಸಿನಲ್ಲಿ ಒಮ್ಮೆ 30 ತೋರಿಸಿತೋ, ಫ್ರೇಮ್ ನೆಲಕ್ಕೆ, ಬಟ್ಟೆ ಚೀಲಕ್ಕೆ. ಹೇಗೂ ಮೋಡದ ಬೆಳಕಿಗೆ ಸ್ಕ್ರಿಮ್ ಯಾಕೆ ಬೇಕೋ!

ಕರೆಂಟ್ ವಿಷಯದಲ್ಲಿ ಜೆನ್ನಿಯಿಂದಲೇ, ಅಂದರೆ ಜನರೇಟರಿನಿಂದಲೇ ಶುರು ಮಾಡಬೇಕು. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಹಾಕಿದ್ದೀವಿ ಅಂದರೆ ಸಾಲದು. ಜನರೇಟರಿನ ನ್ಯೂಟ್ರಲ್ ಅದರ ಬಾಡಿಗೂ ಭೂಮಿಗೂ ಜೋಡಣೆಯಾಗಿರದಿದ್ದರೆ, ಸೋರುವ ಕರೆಂಟಿಗೆ ವಾಪಸ್ ಹೋಗುವ ದಾರಿಯೇ ಇಲ್ಲದೆ ಆರ್‌ಸಿಸಿಬಿ ಬೀಳುವುದೇ ಇಲ್ಲ. ಟೆಸ್ಟ್ ಗುಂಡಿ ಒತ್ತಿದಾಗ ಮಾತ್ರ ಚೆನ್ನಾಗಿ ಬಿದ್ದು ಎಲ್ಲರನ್ನೂ ನಂಬಿಸುತ್ತದೆ. ಗೋವಾದ ಜಂಬಿಟ್ಟಿಗೆ ನೆಲದಲ್ಲಿ ಅರ್ತಿಂಗ್ ಸರಳು ಸುಲಭವಾಗಿ ಇಳಿಯುವುದಿಲ್ಲ, ಒಂದಡಿ ಹೋಗಿ ನಿಂತದ್ದಕ್ಕೆ ತಂತಿ ಸುತ್ತಿ ಸುಮ್ಮನಾಗುತ್ತಾರೆ. ಮಣ್ಣಿರುವ ಜಾಗ ಹುಡುಕಿ ಎರಡು ಸರಳು ಇಳಿಸಿ, ಸರಳಿನ ಉದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು ಜೋಡಿಸಿ, ಅರ್ತ್ ಟೆಸ್ಟರಿನಲ್ಲಿ ಅಳೆಯಿಸಿ.

ಇನ್ನೊಂದು ರೋಗ: ಹಗಲಿನಂಥ ಬೆಳಕು ಕೊಡುವ ಎಚ್‌ಎಂಐ ಲೈಟುಗಳ ಬ್ಯಾಲಸ್ಟ್‌ಗಳು (ಅವುಗಳ ಕರೆಂಟ್ ಹದಗೊಳಿಸುವ ಪೆಟ್ಟಿಗೆಗಳು) ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಸೋರುತ್ತವೆ. ನಾಲ್ಕೈದನ್ನು ಒಂದೇ 30 ಮಿಲಿಆಂಪಿಯರಿಗೆ ಕೊಟ್ಟರೆ ಅದು ಪದೇಪದೇ ಬೀಳುತ್ತದೆ, ಮೂರನೇ ಸಲ ಬಿದ್ದಾಗ ಲೈಟ್‌ಮನ್ ಅದನ್ನು ಬೈಪಾಸ್ ಮಾಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಪ್ರತಿ ಲೈಟಿಗೂ ಪ್ರತ್ಯೇಕ 30 ಮಿಲಿಆಂಪಿಯರ್, ಜೆನ್ನಿಯ ಬಳಿ ಸ್ವಲ್ಪ ತಡವಾಗಿ ಬೀಳುವ 100 ಮಿಲಿಆಂಪಿಯರ್ ಇಟ್ಟರೆ ಬೈಪಾಸ್ ಮಾಡುವ ಅಗತ್ಯವೇ ಬೀಳದು. ಕೇಬಲ್ ಜಾಯಿಂಟುಗಳನ್ನು ಮರದ ಪೆಟ್ಟಿಗೆ ಮೇಲೆ ಎತ್ತಿಡಿ. ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿದರೆ ಒಳಗೆ ನುಗ್ಗಿದ ನೀರು ಅಲ್ಲೇ ನಿಲ್ಲುತ್ತದೆ, ಮೇಲೆ ಚಪ್ಪರದಂತೆ ಹೊದಿಸಿ ಕೆಳಗೆ ತೆರೆದಿಡಬೇಕು. ನೀರಂಚಿಗೆ ಬ್ಯಾಟರಿ ಎಲ್‌ಇಡಿ ಮಾತ್ರ.

2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಸಾಹಸ ಕಲಾವಿದರೊಬ್ಬರು ಹೈಟೆನ್ಷನ್ ತಂತಿಯ ಕರೆಂಟಿಗೆ ಬಲಿಯಾದರು. ಕ್ರೇನ್ ಮತ್ತು ಲೋಹದ ಹಗ್ಗ ಬಳಸಿ ಮಾಡುತ್ತಿದ್ದ ಫೈಟ್ ಅದು. ರೆಕ್ಕಿಯಲ್ಲಿ ತಲೆ ಎತ್ತಿ ನೋಡುವವರು ಕಡಿಮೆ. ಕ್ರೇನಿನ ತೋಳು ಪೂರ್ತಿ ಚಾಚಿ ಪಕ್ಕಕ್ಕೆ ಉರುಳಿದರೂ ತಂತಿ ತಾಗದಷ್ಟು ದೂರ ಇಡುವುದೊಂದೇ ನಂಬಬಹುದಾದ ಅಳತೆ. ಆಗದಿದ್ದರೆ ವಿದ್ಯುತ್ ಇಲಾಖೆಯಿಂದ ಲೈನ್ ಬಂದ್ ಮಾಡಿಸಿ, ಅದೂ ಬರಹದಲ್ಲಿ.

ಸಿಡಿಲು ಗೋವಾದಲ್ಲಿ ಜುಲೈನ ಜಡಿಮಳೆಗಿಂತ ಮೇ ತಿಂಗಳಲ್ಲಿ, ಮತ್ತೆ ಮಳೆ ಹಿಂದಿರುಗುವ ಅಕ್ಟೋಬರ್‌ನಲ್ಲಿ ಹೆಚ್ಚು. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಸಿದ್ಧಪಡಿಸಿದ, ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಆ್ಯಪ್ ಫೋನಿನಲ್ಲಿರಲಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಅಂದರೆ ಸಿಡಿಲು 10 ಕಿ.ಮೀ. ದೂರದಲ್ಲಿದೆ. ಅಷ್ಟಾದರೆ ಕ್ಯಾಮೆರಾ ಎತ್ತುವ ಉದ್ದ ತೋಳಿನ ಜಿಮ್ಮಿ ಜಿಬ್ ಕೆಳಗೆ, ಜನ ಬಸ್ಸಿನೊಳಗೆ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಯಾರೂ ಹೊರಗೆ ಬರುವಂತಿಲ್ಲ. ಶಾಮಿಯಾನ, ತೆಂಗಿನ ಮರ ಆಸರೆಯಲ್ಲ.

ಕಾಲಿಗೆ ಗಾಯವಿದ್ದವರು ಕೆಸರುನೀರಿಗಿಳಿದರೆ ಇಲಿಜ್ವರದ ಭಯವಿದೆ. ಗಮ್‌ಬೂಟ್ ಕೊಡಿ, ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಎಸಿ ವ್ಯಾನಿನಿಂದ ಇಳಿಸಿದ ಲೆನ್ಸ್ ಮಂಜಾಗುತ್ತದೆ, ಒರೆಸುತ್ತಾ ಕೂರುವ ಬದಲು ಪೆಟ್ಟಿಗೆ ಮುಚ್ಚಿದಂತೆಯೇ ಮುಕ್ಕಾಲು ಗಂಟೆ ಹೊರಗಿಡಿ. ಹಾವಿಗೆ ಟಾರ್ಚ್ ಮತ್ತು ಬೂಟು, ಕೋಟೆಗೋಡೆಯ ಹೆಜ್ಜೇನಿಗೆ ಡ್ರೋನ್ ಮತ್ತು ಹೊಗೆಯನ್ನು ದೂರ ಇಡುವುದು: ಇಷ್ಟು ಸಾಕು.

ಲಾರಿ ಹೊರಡುವ ಮುನ್ನ ಅನಮೋಡ, ಚೋರ್ಲಾ ಘಟ್ಟಗಳ ಸ್ಥಿತಿ ವಿಚಾರಿಸಿ. ಕಾರವಾರದ ದಾರಿ ಇದೆಯಲ್ಲ ಎನ್ನುವವರು 2024ರ ಜುಲೈನಲ್ಲಿ ಶಿರೂರಿನಲ್ಲಿ ಕುಸಿದ ಗುಡ್ಡವನ್ನು ನೆನೆಯಲಿ. ಮಳೆಗಾಲದ ಶೆಡ್ಯೂಲಿನಲ್ಲಿ ಸಾಮಾನು ಬರಲು ಒಂದು ದಿನ ಹೆಚ್ಚುವರಿ ಇಟ್ಟೇ ಬಜೆಟ್ ಹಾಕಬೇಕು.

ಆಂಬುಲೆನ್ಸ್ ಬಗ್ಗೆ ಕಾಲ್ ಶೀಟ್‌ನಲ್ಲಿ ‘108’ ಅಂತ ಬರೆದು ಕೈತೊಳೆದುಕೊಳ್ಳುವುದು ರೂಢಿ. ಪಾಲೋಲೆಮ್‌ನಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಮಳೆಯಲ್ಲಿ ಒಂದೂವರೆ ಗಂಟೆ ಮೇಲೇ ಹಿಡಿಯುತ್ತದೆ, ನಡುವೆ ಮಡಗಾಂವ್‌ನ ಜಿಲ್ಲಾ ಆಸ್ಪತ್ರೆ ಇದೆ. ಎಂಥ ಗಾಯವಾದರೆ ಎಲ್ಲಿಗೆ ಹೋಗಬೇಕೆಂದು ಮೊದಲೇ ನಿರ್ಧರಿಸಿ. ಲೊಕೇಶನ್ ಪಿನ್, ಸಿಗ್ನಲ್ ಸಿಗುವ ಜಾಗ, ತೋಟದ ಗೇಟಿನ ಕೀಲಿ ಯಾರ ಹತ್ತಿರ ಇದೆ ಎಂಬುದೂ ಅದೇ ಹಾಳೆಯಲ್ಲಿರಲಿ. ನೀರು, ಎತ್ತರ, ಬೆಂಕಿಯ ದೃಶ್ಯಗಳಿರುವ ದಿನ ಬಾಡಿಗೆ ಆಂಬುಲೆನ್ಸ್ ಸ್ಪಾಟ್‌ನಲ್ಲೇ ನಿಲ್ಲಬೇಕು. ಯಾರಿಗೋ ತಲೆಸುತ್ತು ಬಂದು ಅದು ಹೊರಟಿತೆಂದರೆ, ವಾಪಸಾಗುವವರೆಗೆ ಅಂಥ ಶಾಟ್ ಇಲ್ಲ. ಆ ಹೊತ್ತಿಗೆ ತೆಗೆಯಲು ಬರೀ ಮಾತಿನ ಎರಡು ದೃಶ್ಯಗಳನ್ನು ಒಳಾಂಗಣದಲ್ಲಿ ಸಿದ್ಧವಾಗಿ ಇಟ್ಟುಕೊಂಡ ಕೋ-ಡೈರೆಕ್ಟರ್‌ಗೆ ನಿರ್ಮಾಪಕರು ಎರಡನೇ ಸಿನಿಮಾ ಕೊಡುತ್ತಾರೆ.