ಅಜ್ಜನ ಜೀಪಿನ ಹಿಂದಿನ ಹೌಸಿಂಗ್ ಬಿಚ್ಚಿದ ದಿನ

ಕಾಸರಗೋಡಿನ ಪೆರ್ಲ ಪೇಟೆಯಿಂದ ನಮ್ಮ ಮನೆಯವರೆಗೆ ಹೇಗೋ ದಾರಿ ಇದೆ. ಮನೆಯಿಂದ ಮೇಲಿನ ತೋಟಕ್ಕೆ ಹೋಗಬೇಕಾದರೆ ಮುರಕಲ್ಲು ಕಡಿದು ಮಾಡಿದ ಕಡಿದಾದ ಏರು. ಏರಿನ ನಡುವೆ ಒಂದು ತಿರುವು. ಗುಡ್ಡೆಯ ನೀರು ಅಲ್ಲಿ ದಾರಿಯನ್ನು ಓರೆಯಾಗಿ ಕೊರೆದುಬಿಟ್ಟಿದೆ. ಪ್ರತಿ ಬೇಸಿಗೆಯಲ್ಲೂ ಕಲ್ಲು ತುಂಬುತ್ತೇವೆ, ಪ್ರತಿ ಮಳೆಗಾಲದ ಆಟಿ ತಿಂಗಳಲ್ಲೂ ಅದು ಮತ್ತೆ ಬಾಯಿ ತೆರೆಯುತ್ತದೆ.

ಎರಡು ವರ್ಷದ ಹಿಂದೆ ಜುಲೈಯಲ್ಲಿ ಎಂಟು ದಿನ ಬಿಡದೆ ಸುರಿದ ಮಳೆ ಒಂದು ಬೆಳಗ್ಗೆ ನಿಂತು ಬಿಸಿಲು ಬಂತು. ಅಡಕೆಗೆ ಎರಡನೇ ಮದ್ದು ಬಿಡಬೇಕಾದ ಸಮಯ. ಮರ ಹತ್ತಿ ಮದ್ದು ಬಿಡುವವರು ಸಿಗುವುದೇ ಕಷ್ಟ, ಅಂದು ಅದೃಷ್ಟಕ್ಕೆ ಇಬ್ಬರು ಬಂದಿದ್ದರು. ಪಂಪು, ಮೈಲುತುತ್ತು, ಸುಣ್ಣ, ಪೈಪಿನ ಸುರುಳಿ ಎಲ್ಲ ಜೀಪಿಗೆ ಹೇರಿ ಹೊರಟೆ. ತಿರುವಿನಲ್ಲಿ ಮುಂದಿನ ಎಡಗಾಲಿ ಕೊರಕಲಿಗೆ ಇಳಿಯಿತು, ಅದರ ಎದುರು ಮೂಲೆಯ ಹಿಂದಿನ ಬಲಗಾಲಿ ನೆಲ ಬಿಟ್ಟಿತು. ನಾಲ್ಕೂ ಗಾಲಿಗೆ ಬಲ ಹೋಗುವಂತೆ ಫೋರ್ ವೀಲ್ ಹಾಕಿಯೇ ಇತ್ತು. ಆದರೂ ಆ ಎರಡು ಗಾಲಿಗಳು ಮಾತ್ರ ಕೆಸರು ಹಾರಿಸುತ್ತ ತಿರುಗಿದವು, ಗಟ್ಟಿ ನೆಲದ ಮೇಲಿದ್ದ ಇನ್ನೆರಡು ಅಲುಗಲಿಲ್ಲ. ಹಗ್ಗ ಕಟ್ಟಿ, ಕಲ್ಲು ಕೊಟ್ಟು, ನಾಲ್ಕು ಜನ ನೂಕಿ ಮೇಲೆ ಬರುವ ಹೊತ್ತಿಗೆ ಹನ್ನೊಂದೂವರೆ. ಹನ್ನೆರಡಕ್ಕೆ ಮಳೆ. ಮತ್ತೆ ಬಿಸಿಲು ಬಂದದ್ದು ಹನ್ನೆರಡು ದಿನ ಕಳೆದು. ಅಷ್ಟರಲ್ಲಿ ಮೇಲಿನ ತೋಟದ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿತ್ತು. ಒಂದನ್ನು ಎತ್ತಿ ನೋಡಿದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಪ್ಪು ಕಲೆ, ಅದರ ಮೇಲೆ ತೆಳ್ಳಗೆ ಬಿಳಿ ಬೂಸ್ಟು. ಕೊಳೆರೋಗ. ಆ ವರ್ಷ ಮೇಲಿನ ತೋಟದಿಂದ ಬಂದದ್ದು ಏನೂ ಇಲ್ಲ ಎನ್ನಬಹುದು.

ಜೀಪು 1974ರ ಮಹೀಂದ್ರ ಸಿಜೆ-3ಬಿ, ಅಜ್ಜ ತೆಗೆದದ್ದು. ಬಾನೆಟ್ಟು ಎತ್ತರದ್ದು; ಒಳಗಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ಜಾಗ ಬೇಕೆಂದು ವಿಲ್ಲಿಸ್ ಕಂಪನಿಯವರು ಹಾಗೆ ಮಾಡಿದ್ದು. ಅಪ್ಪ ಡ್ರೈವಿಂಗ್ ಕಲಿತದ್ದು ಇದರಲ್ಲೇ, ನಾನೂ ಇದರಲ್ಲೇ. ಇದನ್ನು ಕೊಟ್ಟು ಹೊಸದು ತೆಗೆದುಕೊಳ್ಳಿ ಎಂದವರು ಬಹಳ ಜನ. ಆ ಮಾತು ನಮ್ಮ ಮನೆಯೊಳಗೆ ಯಾವತ್ತೂ ಬಂದದ್ದಿಲ್ಲ.

ಗಾಲಿ ಸುಮ್ಮನೆ ತಿರುಗುವುದಕ್ಕೆ ಕಾರಣ ಡಿಫರೆನ್ಷಿಯಲ್, ಎಂದರೆ ಎಂಜಿನ್ನಿನ ಬಲವನ್ನು ಎಡಬಲದ ಗಾಲಿಗಳಿಗೆ ಹಂಚುವ ಗೇರುಗಳ ಜೋಡಣೆ. ನೊಗ ಹೂಡಿ ಗದ್ದೆ ಉತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ನೊಗದ ನಡುವಿಗೆ ನೇಗಿಲು ಕಟ್ಟಿರುತ್ತದೆ. ಒಂದು ಕೋಣ ಎಳೆಯದೆ ಹಿಂದೆ ಬಿದ್ದರೆ ನೊಗ ಓರೆಯಾಗುತ್ತದೆ, ಇನ್ನೊಂದರ ಬಲ ಎಷ್ಟಿದ್ದರೂ ನೇಗಿಲಿಗೆ ಮುಟ್ಟುವುದಿಲ್ಲ. ಡಿಫರೆನ್ಷಿಯಲ್ಲೂ ಗಾಲಿ ತಿರುಗಿಸುವ ಎರಡು ಸರಳುಗಳಿಗೆ, ಅಂದರೆ ಆಕ್ಸಲ್‌ಗಳಿಗೆ, ಬಲವನ್ನು ಸಮನಾಗಿ ಹಂಚುತ್ತದೆ. ಗಾಳಿಯಲ್ಲಿ ತೇಲುವ ಗಾಲಿಗೆ ಬೇಕಾದ ಬಲ ಹೆಚ್ಚುಕಡಿಮೆ ಸೊನ್ನೆ, ಹಾಗಾಗಿ ನೆಲ ಹಿಡಿದ ಗಾಲಿಗೂ ಸಿಗುವುದು ಅಷ್ಟೇ. ಹಾಗೆಂದು ಅದನ್ನು ತೆಗೆದುಬಿಡುವಂತಿಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಅದಕ್ಕೆ ಡಿಫರೆನ್ಷಿಯಲ್ ಬೇಕೇ ಬೇಕು.

ಒಂದೇ ಗಾಲಿ ಜಾರಿ ತಿರುಗುವುದನ್ನು ಮಿತಿಯಲ್ಲಿಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದಕ್ಕೆ ಪರಿಹಾರ. ನಾನು ಹುಡುಕಿದ್ದು ಡಾನಾ ಕಂಪನಿಯ ಪವರ್-ಲಾಕ್. ಅದರ ಗೇರುಗಳು ಕೂರುವ ಡಬ್ಬಿಯೊಳಗೆ ಎರಡೂ ಬದಿಗೆ ಕ್ಲಚ್ ಪ್ಲೇಟುಗಳ ಅಡುಕು ಇರುತ್ತದೆ. ಡಬ್ಬಿಯ ನಡುವಿನ ಸಣ್ಣ ಗೇರುಗಳ (ಸ್ಟಾರ್ ಗೇರ್) ಪಿನ್ನುಗಳು ಕೂರುವುದು ವಿ ಆಕಾರದ ಕಚ್ಚುಗಳಲ್ಲಿ. ಎಂಜಿನ್ ಬಲ ಕೊಟ್ಟಷ್ಟೂ ಪಿನ್ನು ಕಚ್ಚಿನ ಏರು ಹತ್ತಿ ಪ್ಲೇಟುಗಳನ್ನು ಅಮುಕುತ್ತದೆ, ಎರಡು ಆಕ್ಸಲ್‌ಗಳೂ ಒಟ್ಟಿಗೆ ತಿರುಗಲು ನೋಡುತ್ತವೆ. ಬಲ ಬಿಟ್ಟಾಗ ಸಡಿಲ.

ಅಪ್ಪ ಒಪ್ಪಲಿಲ್ಲ. "ಕಂಪನಿ ಕೊಟ್ಟದ್ದನ್ನು ಬಿಚ್ಚಿ ಏನೋ ಒಂದು ತುರುಕಬೇಡ" ಎಂದರು. ಅಮೆರಿಕದ ಪ್ಯಾಕರ್ಡ್ ಕಾರುಗಳಿಗೆ ಇಂಥದ್ದು 1956ರಲ್ಲೇ ಬಂದಿತ್ತು ಎಂದೆ. ಅಪ್ಪ ಹುಟ್ಟಿದ್ದು ಆ ವರ್ಷವೇ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳೆಯದನ್ನು ಎಸೆಯಬಾರದು, ಹಾಗಿದ್ದರೆ ಮಾಡು" ಎಂದರು.

ಮೊದಲ ಸಲ ತರಿಸಿದ್ದು ಹೊಂದಲಿಲ್ಲ. ಹಳೆ ಸಾಮಾನು ಮಾರುವವರೊಬ್ಬರಿಂದ ಡಬ್ಬಿ ಬಂತು. ಬದಿಯಡ್ಕದ ಮೇಸ್ತ್ರಿಯ ಶೆಡ್ಡಿನಲ್ಲಿ ಹೌಸಿಂಗ್ (ಡಿಫರೆನ್ಷಿಯಲ್ಲಿನ ಹೊರಕವಚ) ಬಿಚ್ಚಿ ಕೂರಿಸಿ ನೋಡಿದರೆ ಡಬ್ಬಿಗೆ ಬಿಗಿಯುವ ದೊಡ್ಡ ಗೇರು ಕ್ರೌನ್, ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ನನ್ನು ಮುಟ್ಟುವುದೇ ಇಲ್ಲ. ನಮ್ಮ ಜೀಪಿನ ಹಿಂದಿರುವ ಡಾನಾ 44 ಎಂಬ ಹೌಸಿಂಗಿಗೆ ಎರಡು ಬಗೆಯ ಡಬ್ಬಿ ಇವೆ: ಅನುಪಾತ 3.73 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಒಂದು, 3.92 ಮತ್ತು ಮೇಲಿದ್ದರೆ ಇನ್ನೊಂದು. ನಮ್ಮದು 5.38, ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ ಬರೀ 8. ಪಿನಿಯನ್ ಅಷ್ಟು ಸಣ್ಣದಾದಾಗ ಕ್ರೌನ್ ಅದರ ಹತ್ತಿರ ಬಂದು ಕೂರಬೇಕು. ಅನುಪಾತವನ್ನು ನಾನು ಬರೆದು ಕಳಿಸಿದ್ದೆ, ಅವರು ನೋಡಿರಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಆ ದುಡ್ಡು ಹೋದದ್ದಕ್ಕಿಂತ, ಎಲ್ಲ ಬಿಚ್ಚಿ ಹಾಗೆಯೇ ತಿರುಗಿ ಜೋಡಿಸಿ ಮನೆಗೆ ಬಂದದ್ದು ಹೆಚ್ಚು ನೋವು ಕೊಟ್ಟಿತು.

ಸರಿಯಾದ ಡಬ್ಬಿ ಕೈಗೆ ಬರಲು ಮುಂದಿನ ಮೇ ತಿಂಗಳಾಯಿತು. ಕೂಡಲೇ ಹಲ್ಲು ಎಣಿಸಿದೆ. ಆಕ್ಸಲಿನ ಒಳತುದಿಯ ಸ್ಪ್ಲೈನು (ಉದ್ದುದ್ದ ಹಲ್ಲು) 19, ಡಬ್ಬಿಯೊಳಗಿನದ್ದೂ 19. ಹೊಸ ಕ್ಲಚ್ ಪ್ಲೇಟುಗಳನ್ನು ಗೇರ್ ಆಯಿಲಿನಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ಬೆಳಗ್ಗೆ ಏಳಕ್ಕೆ ಶೆಡ್ಡಿಗೆ ಹೋದೆ.

ಈ ಜೀಪಿನ ಹಿಂದಿನ ಗಾಲಿ ಕೂರುವ ಹಬ್ಬುಗಳು ಟೇಪರಿನವು. ಆಕ್ಸಲಿನ ಹೊರತುದಿ ಮೊನಚಾಗಿ, ಕೀಲಿಯೊಂದಿಗೆ ಹಬ್ಬಿನೊಳಗೆ ಕಚ್ಚಿಕೊಂಡಿರುತ್ತದೆ. ಮೇಸ್ತ್ರಿ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಮಾತ್ರ ಸಡಿಲಿಸಿ, ಪುಲ್ಲರ್ ಹಾಕಿ ಬಿಗಿದು, ಅದರ ತಲೆಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಗರ್ನಾಲು ಹೊಡೆದ ಹಾಗೆ ಸದ್ದಾಗಿ ಹಬ್ಬು ಬಿಟ್ಟುಕೊಂಡಿತು. ನಟ್ಟು ಅಲ್ಲೇ ಇದ್ದದ್ದರಿಂದ ಅದು ಯಾರ ಕಾಲಿನ ಮೇಲೂ ಬೀಳಲಿಲ್ಲ. ಬ್ಯಾಕ್ ಪ್ಲೇಟಿನ ಹಿಂದಿನ ಶಿಮ್ಮುಗಳನ್ನು (ಅಂತರ ಸರಿಮಾಡುವ ತೆಳು ತಗಡುಗಳನ್ನು) ಎಡದ್ದು ಬೇರೆ, ಬಲದ್ದು ಬೇರೆ ಎಂದು ತಂತಿಯಲ್ಲಿ ಪೋಣಿಸಿಟ್ಟೆ. ಹಿಂದಿನ ಮುಚ್ಚಳದ ಹತ್ತು ಬೋಲ್ಟು ತೆಗೆದಾಗ ಹಳೆ ಎಣ್ಣೆಯ ಕಮಟು ವಾಸನೆ ಶೆಡ್ಡು ತುಂಬಿತು. ಬೇರಿಂಗ್ ಕ್ಯಾಪುಗಳು ಅದಲುಬದಲಾಗಬಾರದೆಂದು ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು ಚುಕ್ಕಿ ಪಂಚು ಹೊಡೆದರು.

ಆಮೇಲಿನದ್ದು ತಾಳ್ಮೆಯ ಕೆಲಸ. ಹಳೆ ಕ್ರೌನನ್ನೇ ಹೊಸ ಡಬ್ಬಿಗೆ ಬಿಗಿದು ಕೂರಿಸಿ, ಡಯಲ್ ಗೇಜ್ ಇಟ್ಟು ಎರಡು ಗೇರುಗಳ ಹಲ್ಲಿನ ನಡುವಿನ ಆಟ (ಸಡಿಲ) ನೋಡಿದರೆ 0.30 ಮಿಲಿಮೀಟರು. ತುಂಬಾ ಹೆಚ್ಚು. ಡಬ್ಬಿ ಹೊರಗೆ ತೆಗೆದು, ಬೇರಿಂಗ್ ಎಳೆದು, ಒಂದು ಬದಿಯ ಶಿಮ್ಮನ್ನು ಇನ್ನೊಂದು ಬದಿಗೆ ಹಾಕಿ ಮತ್ತೆ ಕೂರಿಸಿದೆವು. 0.22. ಮತ್ತೆ ತೆಗೆದೆವು. ನಾಲ್ಕನೇ ಸಲಕ್ಕೆ 0.15ರಲ್ಲಿ ಮುಳ್ಳು ನಿಂತಿತು. ಮೇಸ್ತ್ರಿ ಹಲ್ಲುಗಳಿಗೆ ಬಣ್ಣ ಹಚ್ಚಿ ಪಿನಿಯನ್ ತಿರುಗಿಸಿ ನನ್ನನ್ನು ಕರೆದು ತೋರಿಸಿದರು. ಕ್ರೌನಿನ ಪ್ರತಿ ಹಲ್ಲಿನ ನಡುವಿಗೆ, ತುದಿಯನ್ನೂ ಬುಡವನ್ನೂ ಬಿಟ್ಟು, ಭತ್ತದ ಕಾಳಿನ ಆಕಾರದ ಒಂದೊಂದು ಗುರುತು. ಅರ್ಧ ಶತಮಾನ ಒಟ್ಟಿಗೆ ಸವೆದ ಹಲ್ಲುಗಳು ಹೊಸ ಡಬ್ಬಿಯ ಮೇಲೂ ತಮ್ಮ ಜಾಗವನ್ನೇ ಹಿಡಿದಿದ್ದವು. "ಶರಿಯಾಯಿ" ಎಂದರು ಮೇಸ್ತ್ರಿ. ನಾವು ತುಳುವಿನಲ್ಲಿ ಮಾತಾಡುವುದು, ಆದರೆ ಕೆಲಸ ಕೂಡಿಬಂದಾಗ ಅವರ ಬಾಯಲ್ಲಿ ಬರುವುದು ಮಲಯಾಳವೇ.

ಎಣ್ಣೆಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಕ್ಲಚ್ ಪ್ಲೇಟು ಇರುವ ಡಿಫರೆನ್ಷಿಯಲ್ಲಿಗೆ ಮಾಮೂಲು 90ರ ಗೇರ್ ಆಯಿಲ್ ಮಾತ್ರ ಹಾಕಿದರೆ ಸಾಲದು, ಪ್ಲೇಟುಗಳ ಉಜ್ಜಾಟವನ್ನು ಹದಗೊಳಿಸುವ ಫ್ರಿಕ್ಷನ್ ಮಾಡಿಫೈಯರ್ ಬೆರೆಸಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಪ್ಲೇಟುಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತವೆ. ಬೆರೆಸಿದ ಮೇಲೂ ಮೊದಲ ದಿನ ಬದಿಯಡ್ಕ ಪೇಟೆಯಲ್ಲಿ ತಿರುಗಿಸುವಾಗ ಹಿಂದಿನಿಂದ ಕಟಕಟ ಕೇಳಿ ಎದೆ ಧಸಕ್ಕೆಂದಿತು. ಎಣ್ಣೆ ಪ್ಲೇಟುಗಳ ನಡುವೆ ಹರಡಬೇಕು, ಎಂಟರ ಆಕಾರದಲ್ಲಿ ಓಡಿಸು ಎಂದರು ಮೇಸ್ತ್ರಿ. ಅಂಗಳದ ಅಡಕೆ ಆಗಲೇ ಒಳಗೆ ಹೋಗಿತ್ತು. ಸಂಜೆ ಆ ಖಾಲಿ ಅಂಗಳದಲ್ಲಿ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಸುತ್ತು ಹಾಕಿದೆ. ಅಪ್ಪ ಜಗಲಿಯಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದರು. ಹದಿನೈದನೇ ಸುತ್ತಿಗೆ ಸದ್ದು ನಿಂತದ್ದನ್ನು ನನಗಿಂತ ಮೊದಲು ಗಮನಿಸಿದ್ದು ಅವರೇ.

ಇದು ಎಲ್ಲ ಕಡೆಯೂ ಒಳ್ಳೆಯದೇ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಒಂದು ಬದಿಗೆ ವಾಲಿದ ಜಾರು ದಾರಿಯಲ್ಲಿ ಎರಡು ಹಿಂಗಾಲಿಗಳೂ ಒಟ್ಟಿಗೆ ತಿರುಗಿದರೆ ಜೀಪಿನ ಹಿಂಭಾಗವೇ ಕೆಳಕ್ಕೆ ಸರಿಯುತ್ತದೆ. ಮೊದಲಾದರೆ ನೆಲ ಹಿಡಿದ ಒಂದು ಗಾಲಿ ಅದನ್ನು ತಡೆಯುತ್ತಿತ್ತು. ತೋಡಿನ ಬದಿಯ ದಾರಿಯಲ್ಲಿ ಈಗ ನಾನು ಆಕ್ಸಿಲೇಟರನ್ನು ತೀರ ಮೆಲ್ಲಗೆ ಒತ್ತುತ್ತೇನೆ. ಇನ್ನೊಂದು, ಹಿಂದಿನ ಒಂದು ಗಾಲಿಯನ್ನು ಮಾತ್ರ ಜ್ಯಾಕಿನಲ್ಲಿ ಎತ್ತಿ ಗೇರಿನಲ್ಲಿ ಎಂಜಿನ್ ಓಡಿಸಿದರೆ ನೆಲದ ಮೇಲಿನ ಗಾಲಿ ಜೀಪನ್ನು ಜ್ಯಾಕಿನಿಂದ ಎಳೆದುಕೊಂಡು ಹೋಗುತ್ತದೆ. ಹಾಗೆ ಮಾಡಬಾರದೆಂದು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಕನ್ನಡದಲ್ಲೂ ಮಲಯಾಳದಲ್ಲೂ ಬಿಳಿ ಪೈಂಟಿನಲ್ಲಿ ಬರೆದಿದ್ದೇನೆ. ನಾನಿಲ್ಲದಾಗ ಯಾರು ಗಾಲಿ ಬಿಚ್ಚುತ್ತಾರೋ ಗೊತ್ತಿಲ್ಲವಲ್ಲ.

ಹಳೆ ಡಬ್ಬಿಗೆ ಗ್ರೀಸು ಬಳಿದು, ಗೋಣಿ ಸುತ್ತಿ, ಉಳಿದ ಶಿಮ್ಮುಗಳ ಸಮೇತ ಅಟ್ಟದ ಮೇಲಿಟ್ಟಿದ್ದೇನೆ. ಮುಂದೆ ಯಾರಿಗಾದರೂ ಜೀಪು ಮೊದಲಿನ ಹಾಗೇ ಬೇಕೆನಿಸಿದರೆ ಒಂದೇ ದಿನದ ಕೆಲಸ.

ಜುಲೈಯಲ್ಲಿ ಮತ್ತೆ ಮಳೆ ಬಿಟ್ಟ ಒಂದು ಬೆಳಗ್ಗೆ. ಅದೇ ಹೇರು, ಅದೇ ತಿರುವು. ಅಪ್ಪ ಪಕ್ಕದ ಸೀಟಿನಲ್ಲಿದ್ದರು. ಫೋರ್ ವೀಲ್ ಹಾಕಿ ಲೋ ಗೇರಿನಲ್ಲಿ ಹತ್ತಿಸಿದೆ. ಮುಂದಿನ ಎಡಗಾಲಿ ಕೊರಕಲಿಗೆ ಇಳಿಯಿತು, ಹಿಂದೆ ಬಲಗಡೆ ಹಗುರಾದದ್ದು ಬೆನ್ನಿಗೇ ಗೊತ್ತಾಯಿತು. ಗಾಲಿ ಅರ್ಧ ಸುತ್ತು ಜಾರಿತು. ಬಲಗಾಲಿನಲ್ಲಿ ಆಕ್ಸಿಲೇಟರ್ ಹಿಡಿದುಕೊಂಡೇ ಎಡಗಾಲಿನಿಂದ ಬ್ರೇಕನ್ನು ಸ್ವಲ್ಪವೇ ಮುಟ್ಟಿಸಿದೆ. ಗಾಲಿ ಪೂರ್ತಿ ತೇಲಿದಾಗ ಪ್ಲೇಟುಗಳು ಅಮುಕಿಕೊಳ್ಳಲು ಇಷ್ಟು ಸಹಾಯ ಬೇಕು. ಈ ಜೀಪಿನ ಹ್ಯಾಂಡ್‌ಬ್ರೇಕ್ ಇರುವುದು ಮುಂದಿನ ಹಿಂದಿನ ಗಾಲಿಗಳಿಗೆ ಬಲ ಕಳಿಸುವ ಟ್ರಾನ್ಸ್‌ಫರ್ ಕೇಸಿನ ಹಿಂದೆ; ಅದು ಹಿಡಿಯುವುದು ಗಾಲಿಯನ್ನಲ್ಲ, ಡಿಫರೆನ್ಷಿಯಲ್ಲಿಗೆ ಬರುವ ಶಾಫ್ಟನ್ನು, ಹಾಗಾಗಿ ಇದಕ್ಕೆ ಆಗುವುದಿಲ್ಲ. ಹಿಂದಿನ ಎಡಗಾಲಿ ಮುರಕಲ್ಲನ್ನು ಹಿಡಿಯಿತು. ಜೀಪು ಒಮ್ಮೆ ಬೆನ್ನೆತ್ತಿ ತಿರುವು ದಾಟಿತು.

ಅಪ್ಪ ಏನೂ ಹೇಳಲಿಲ್ಲ. ಡ್ಯಾಶ್‌ಬೋರ್ಡಿನ ಹಿಡಿಯನ್ನು ಬಿಟ್ಟು, ಎಲೆಪೆಟ್ಟಿಗೆ ತೆಗೆದರು. ಒಂಬತ್ತಕ್ಕೆ ಪಂಪು ಶುರುವಾಯಿತು. ನಾಲ್ಕಕ್ಕೆ ಮೋಡ ಕವಿದಾಗ ಮೇಲಿನ ತೋಟದ ಕೊನೆಯ ಸಾಲಿನ ಗೊನೆಗಳಿಂದ ನೀಲಿ ಮದ್ದು ತೊಟ್ಟಿಕ್ಕುತ್ತಿತ್ತು.