ಪುಸ್ತಕ ಮೇಜಿನ ಮೇಲೇ ಬಿಡಿ, ನಾವು ಇಡ್ತೀವಿ

ನಮ್ಮ ಕಾಲೇಜು ಲೈಬ್ರರಿಯ ಪ್ರತಿ ಮೇಜಿಗೂ ಒಂದು ಚೀಟಿ ಅಂಟಿಸಿದ್ದೇನೆ: 'ನೋಡಿದ ಪುಸ್ತಕ ವಾಪಸ್ ರ್‍ಯಾಕಿಗೆ ಇಡಬೇಡಿ.' ತೆಗೆದದ್ದನ್ನು ತೆಗೆದ ಜಾಗದಲ್ಲೇ ಇಡು ಅಂತ ಮನೆಯಲ್ಲಿ ಬೈಸಿಕೊಂಡು ಬೆಳೆದ ಹುಡುಗರು, ಪಾಪ. ನನಗೆ ಸಹಾಯ ಮಾಡೋಣ ಅಂತಲೇ ಇಟ್ಟು ಹೋಗುತ್ತಾರೆ. ಒಂದು ಸಾಲು ಆಚೀಚೆ. ಅಲ್ಲಿಗೆ ಆ ಪುಸ್ತಕದ ಕಥೆ ಮುಗೀತು. ಕಂಪ್ಯೂಟರ್‌ನಲ್ಲಿ ಇದೆ, ರ್‍ಯಾಕಿನಲ್ಲಿ ಇಲ್ಲ. ಮುಂದಿನ ಸ್ಟಾಕ್ ವೆರಿಫಿಕೇಶನ್‌ವರೆಗೂ ಕಳೆದುಹೋದ ಹಾಗೇ.

ನಂಬರ್ ನೋಡಿ ಇಡೋದು ಏನು ಮಹಾ ಕೆಲಸ ಅಂತೀರಾ? ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸೋ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಕಾದಂಬರಿಗೆ 894.8143, ತೆಲುಗು ಸಾಹಿತ್ಯಕ್ಕೆ 894.827. ರ್‍ಯಾಕಿನಲ್ಲಿ ಯಾವುದು ಮೊದಲು? ಹೊಸದಾಗಿ ಸೇರಿದವರು 827 ಚಿಕ್ಕದು, 8143 ದೊಡ್ಡದು ಅಂತ ತೆಲುಗನ್ನು ಮುಂದೆ ಇಡುತ್ತಾರೆ. ಹಾಗಲ್ಲ. ಚುಕ್ಕಿ ಆದಮೇಲೆ ಒಂದೊಂದೇ ಅಂಕಿ ನೋಡಬೇಕು. 8 ಎರಡರಲ್ಲೂ ಇದೆ. ಆಮೇಲೆ ಇಲ್ಲಿ 1, ಅಲ್ಲಿ 2. ಕನ್ನಡವೇ ಮೊದಲು.

ಲೈಬ್ರರಿ ವಿಜ್ಞಾನದ ಪದವಿ ಬಿ.ಲಿಬ್. ಓದುವಾಗ ಈ ನಂಬರ್ ಕಟ್ಟೋದಕ್ಕೇ ಪ್ರಾಕ್ಟಿಕಲ್ ಇರುತ್ತೆ. 'ಕರ್ನಾಟಕದಲ್ಲಿ ರೇಷ್ಮೆ ಸಾಕಣೆ' ಅಂತ ಶೀರ್ಷಿಕೆ ಕೊಟ್ಟರೆ, ರೇಷ್ಮೆ ಹುಳುವಿಗೆ 638.2, ಇಂಥ ಪ್ರದೇಶದ್ದು ಅನ್ನೋದಕ್ಕೆ 09, ಕರ್ನಾಟಕಕ್ಕೆ 5487. ಎಲ್ಲ ಸೇರಿ 638.2095487. ಇಷ್ಟುದ್ದದ ನಂಬರನ್ನು ತೆಳ್ಳಗಿನ ಪುಸ್ತಕದ ಬೆನ್ನಿಗೆ ಹೇಗೆ ಅಂಟಿಸೋದು ಅಂತ ಮಾತ್ರ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ.

ಬೀರುಗೆ ಬೀಗ ಹಾಕಿ, ಕೇಳಿದವರಿಗೆ ಮಾತ್ರ ತೆಗೆದುಕೊಟ್ಟರೆ ಈ ಗೋಳೇ ಇರಲ್ಲ. ಹಾಗೆ ಮಾಡುವವರು ಈಗಲೂ ಇದ್ದಾರೆ. ನನಗೆ ಇಷ್ಟವಿಲ್ಲ. ಪುಸ್ತಕ ಇರೋದು ಬಳಸೋದಕ್ಕೆ ಅಂತ ಎಸ್. ಆರ್. ರಂಗನಾಥನ್ 1931ರಲ್ಲೇ ತಮ್ಮ ಐದು ಸೂತ್ರಗಳಲ್ಲಿ ಮೊದಲನೆಯದಾಗಿ ಹೇಳಿದ್ದಾರೆ. ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೊನೆಗಾಲದಲ್ಲಿ ನಮ್ಮ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಇಲ್ಲೇ ಲೈಬ್ರರಿ ವಿಜ್ಞಾನದ ಸಂಶೋಧನೆ, ತರಬೇತಿ ಕೇಂದ್ರವಾದ ಡಿಆರ್‌ಟಿಸಿ ಶುರುಮಾಡಿದರು. ಅವರ ಜನ್ಮದಿನ ಅಂತ ಆಗಸ್ಟ್ 12ರಂದು ಅವರ ಫೋಟೋಗೆ ಹಾರ ಹಾಕಿ, ಆಮೇಲೆ ಬೀರುಗೆ ಬೀಗ ಹಾಕುವವರನ್ನು ಏನನ್ನಬೇಕೋ.

ಮೇಜಿನ ಮೇಲೆ ಬಿಡಿ ಅನ್ನೋದಕ್ಕೆ ಇನ್ನೂ ಒಂದು ಕಾರಣ ಇದೆ. ಮನೆಗೆ ಒಯ್ದ ಪುಸ್ತಕ ಕಂಪ್ಯೂಟರ್‌ನಲ್ಲಿ ದಾಖಲಾಗುತ್ತೆ. ಇಲ್ಲೇ ಕೂತು ಓದಿದ್ದು ಎಲ್ಲೂ ದಾಖಲಾಗಲ್ಲ. ಸಂಜೆ ಮೇಜುಗಳ ಮೇಲಿನ ಪುಸ್ತಕಗಳನ್ನು ಬರೆದುಕೊಂಡರೆ ಮಾತ್ರ ಗೊತ್ತಾಗುತ್ತೆ. ಒಂದು ನಿಘಂಟನ್ನು ವರ್ಷಗಟ್ಟಲೆ ಯಾರೂ ಮನೆಗೆ ಒಯ್ದಿಲ್ಲ ಅಂದ ಮಾತ್ರಕ್ಕೆ ಅದು ರದ್ದಿಗೆ ಹೋಗಬೇಕಾ? ನಮ್ಮಲ್ಲಿ ಅತಿ ಹೆಚ್ಚು ಸವೆದಿರೋದೇ ಅದು.

ಪುಸ್ತಕ ತಪ್ಪು ಜಾಗಕ್ಕೆ ಹೋಗೋದು ಅಪ್ಪಿತಪ್ಪಿ ಆಗೋ ಎಡವಟ್ಟು. ಪರೀಕ್ಷೆ ಹತ್ತಿರ ಬಂದಾಗ ಬೇಕಂತಲೇ ಬಚ್ಚಿಡುತ್ತಾರೆ, ಬೇರೆಯವರಿಗೆ ಸಿಗಬಾರದು ಅಂತ. ನಮ್ಮ ಅಟೆಂಡರ್ ಅಣ್ಣ ಲೈಬ್ರರಿ ಕೋರ್ಸ್ ಮಾಡಿದವರಲ್ಲ. ಆದರೆ ಆ ದಿನಗಳಲ್ಲಿ ಬೆಳಗ್ಗೆ ಬಂದ ತಕ್ಷಣ ನೇರ ವಿಶ್ವಕೋಶದ ಸಾಲಿಗೆ ಹೋಗಿ ಹಿಂದೆ ಕೈ ಹಾಕುತ್ತಾರೆ. "ಯಾರೂ ಮುಟ್ಟದ ಜಾಗ ಇದೇ ಅಲ್ವಾ ಮೇಡಂ" ಅಂತಾರೆ. ಈ ವಾರ ಸಿಕ್ಕಿದ್ದು ಕಾಸ್ಟ್ ಅಕೌಂಟಿಂಗ್. ಇಟ್ಟವರು ಹುಡುಕಬೇಡಿ. ಅದು ನನ್ನ ಕೌಂಟರ್ ಮೇಲಿದೆ. ಐಡಿ ಕಾರ್ಡ್ ಕೊಟ್ಟು ಇಲ್ಲೇ ಕೂತು ಓದಬಹುದು, ಮನೆಗೆ ಕೊಡಲ್ಲ.