2014ರ ಸುಗ್ಗಿ, ಎಂಟು ಬಾಟಲಿ

ರುಚಿ ನೋಡಲು ಕೂತಾಗ ಬೆಳಿಗ್ಗೆ ಹತ್ತೂವರೆ. ತಿಂಡಿ ತಿಂದು ಮೂರು ಗಂಟೆಯಾಗಿದೆ, ಊಟಕ್ಕೆ ಇನ್ನೂ ಹೊತ್ತಿದೆ. ನಾಲಿಗೆ ಚುರುಕಾಗಿರುವುದು ಈ ವೇಳೆಯಲ್ಲೇ. ಫ್ರಾನ್ಸಿನ ಬೋರ್ಡೊ ನಗರದ ಮನೆಯೊಂದರಲ್ಲಿ ಉತ್ತರಕ್ಕೆ ಕಿಟಕಿಯಿರುವ ಕೋಣೆ, ಬಿಳಿ ಮೇಜುಬಟ್ಟೆ, ಆರು ಜನ. ಎದುರಿಗೆ ಎಂಟು ಬಾಟಲಿ ಬೋರ್ಡೊ ಸೀಮೆಯ ಕೆಂಪು ವೈನ್, ಎಂಟೂ 2014ರ ಸುಗ್ಗಿಯವು.

ಒಂದೇ ತೋಟದ ಹತ್ತು ವರ್ಷಗಳ ವೈನನ್ನು ಸಾಲಾಗಿಟ್ಟರೆ ಮಳೆ ಬಿಸಿಲಿನ ಏರಿಳಿತ ತಿಳಿಯುತ್ತದೆ. ಹತ್ತು ತೋಟಗಳ ಒಂದೇ ಸುಗ್ಗಿಯನ್ನು ಸಾಲಾಗಿಟ್ಟರೆ ಮಣ್ಣು, ತಳಿ, ಮಾಡಿದವರ ಕೈ ಕಾಣತೊಡಗುತ್ತವೆ. ಇದಕ್ಕೆ 2009ರಂಥ ಸುಡುಬಿಸಿಲಿನ ವರ್ಷಕ್ಕಿಂತ 2014 ಒಳ್ಳೆಯದು. ಆ ವರ್ಷ ಜುಲೈ, ಆಗಸ್ಟ್ ಎರಡೂ ತಂಪು, ಮೋಡ. ಬೆಳೆ ಹೋಯಿತು ಅನ್ನುವಷ್ಟರಲ್ಲಿ ಸೆಪ್ಟೆಂಬರಿನಲ್ಲಿ ಹೊಳಪಾದ ಒಣ ಬಿಸಿಲು ಬಂತು, ಅಕ್ಟೋಬರಿನವರೆಗೂ ನಿಂತಿತು. ಇಲ್ಲಿನ ಎರಡು ಮುಖ್ಯ ಕೆಂಪು ದ್ರಾಕ್ಷಿ ತಳಿಗಳಲ್ಲಿ ಮೆರ್ಲೊ ಬೇಗ ಮಾಗುತ್ತದೆ, ಕ್ಯಾಬರ್ನೆ ಸುವಿನ್ಯೊಂ ಅದಕ್ಕಿಂತ ಸುಮಾರು ಎರಡು ವಾರ ತಡ. ಹಾಗಾಗಿ ತಡವಾಗಿ ಬಂದ ಬಿಸಿಲಿನ ಲಾಭ ಹೆಚ್ಚಾಗಿ ಸಿಕ್ಕಿದ್ದು ಕ್ಯಾಬರ್ನೆಗೆ. ಮೇಜಿನ ಮೇಲೆ ಪರೀಕ್ಷಿಸಬೇಕಾಗಿದ್ದದ್ದು ಇದನ್ನೇ.

ಈ ಸೀಮೆಯಲ್ಲಿ ಗರೋನ್ ಮತ್ತು ದೊರ್ದೊನ್ಯ ನದಿಗಳು ಕೂಡಿ ಜಿರೋಂದ್ ಆಗುತ್ತವೆ. ಎಡದಂಡೆಯ ಮೆದೋಕ್‌ನಲ್ಲಿ ನೀರು ಬೇಗ ಬಸಿಯುವ, ಕಾವು ಹಿಡಿದಿಡುವ ಗರಸು ನೆಲ, ಅಲ್ಲಿ ಕ್ಯಾಬರ್ನೆಯದೇ ಮೇಲುಗೈ. ಬಲದಂಡೆಯ ಜೇಡಿ ಮತ್ತು ಸುಣ್ಣಕಲ್ಲಿನ ನೆಲ ಮೆರ್ಲೊಗೆ ಒಪ್ಪುತ್ತದೆ. ಎಡದಂಡೆಯಿಂದ ಸಾಂ-ಎಸ್ತೆಫ್, ಪೋಯಾಕ್, ಸಾಂ-ಜುಲಿಯಾಂ, ಮಾರ್ಗೊ, ಪೆಸಾಕ್-ಲೆಯೊನ್ಯಾಂ ಪ್ರದೇಶಗಳಿಂದ ಒಂದೊಂದು ಬಾಟಲಿ. ಬಲದಂಡೆಯಿಂದ ಸಾಂತ್-ಎಮಿಲಿಯೊಂ ಎರಡು, ಪೊಮೆರೊಲ್ ಒಂದು.

ಬಾಟಲಿಗಳನ್ನು ಹಿಂದಿನ ದಿನವೇ ನೇರ ನಿಲ್ಲಿಸಿಡಬೇಕು. ಹತ್ತು ವರ್ಷದ ವೈನಿನಲ್ಲಿ ಗಷ್ಟು ಇದ್ದೇ ಇರುತ್ತದೆ, ತಳ ಸೇರಲು ಅದಕ್ಕೆ 24 ಗಂಟೆ ಬೇಕು. ಬಿರಡೆ ತೆಗೆದು ಒಂದು ಗಂಟೆ ಬಿಟ್ಟರೆ ವೈನ್ 'ಉಸಿರಾಡುತ್ತದೆ' ಎಂದು ಹಲವರು ನಂಬಿದ್ದಾರೆ. ಕತ್ತಿನೊಳಗೆ ಗಾಳಿಗೆ ತಾಕುವುದು ಒಂದು ನಾಣ್ಯದಷ್ಟಗಲದ ವೈನ್ ಮಾತ್ರ, ಅದರಿಂದ ಹೆಚ್ಚೇನೂ ಆಗದು. ನಾವು ಮಾಡಿದ್ದು ಬೇರೆ: ಗಷ್ಟು ಬಿಟ್ಟು ನಿಧಾನವಾಗಿ ಹೂಜಿಗೆ ಬಗ್ಗಿಸಿ, ಬಾಟಲಿ ತೊಳೆದು, ಮತ್ತೆ ಅದಕ್ಕೇ ತುಂಬಿದೆವು.

750 ಮಿಲಿಲೀಟರ್ ಬಾಟಲಿಯಲ್ಲಿ ಆರು ಜನರಿಗೆ ತಲಾ 50 ಮಿಲಿಲೀಟರ್‌ನಂತೆ ಎರಡು ಸುತ್ತಿಗೆ 600 ಬೇಕು. ಗಷ್ಟಿಗೆ ಹೋದದ್ದು ಕಳೆದು ಉಳಿದದ್ದು ಮರುದಿನಕ್ಕೆ. ಒಬ್ಬರಿಗೆ ಎಂಟರಂತೆ ಲೋಟ 48, ಎಲ್ಲವೂ ಒಂದೇ ಆಕಾರದವು. ಕಪಾಟಿನಲ್ಲಿ ಬೋರಲಿಟ್ಟ ಲೋಟ ಮರದ ವಾಸನೆ ಹಿಡಿದಿರುತ್ತದೆ, ಸೋಪಿನ ವಾಸನೆ ಇನ್ನೂ ಕೆಟ್ಟದ್ದು. ಎರಡಕ್ಕೂ ಮದ್ದು ಒಂದೇ: ಒಂದು ಚಮಚ ವೈನ್ ಹಾಕಿ ಲೋಟದ ಒಳಮೈಯೆಲ್ಲ ತಿರುಗಿಸಿ ಚೆಲ್ಲುವುದು. ವೈನ್ 17 ಡಿಗ್ರಿಯಲ್ಲಿತ್ತು. 20 ದಾಟಿದರೆ ಆಲ್ಕೋಹಾಲೇ ಮೂಗಿಗೆ ಬಡಿಯುತ್ತದೆ, 14ಕ್ಕಿಂತ ಕೆಳಗಿಳಿದರೆ ಒಗರು ಗಡುಸಾಗುತ್ತದೆ.

ರುಚಿ ನೋಡದ ಒಬ್ಬರು ಬಾಟಲಿಗಳಿಗೆ ಬಟ್ಟೆ ಸುತ್ತಿ ಅಂಕಿ ಹಚ್ಚಿದರು. ಚೀಟಿ ಕಂಡರೆ ಮೂಗು ಚೀಟಿಯಲ್ಲಿರುವುದನ್ನೇ ಹುಡುಕುತ್ತದೆ. 2001ರಲ್ಲಿ ಪ್ರಕಟವಾದ ಬೋರ್ಡೊದ ಪ್ರಯೋಗವೊಂದರಲ್ಲಿ ವೈನ್‌ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದ್ದರು. ಕಣ್ಣೇ ಇಷ್ಟು ದಾರಿ ತಪ್ಪಿಸುವಾಗ ಹೆಸರು ಬಿಟ್ಟೀತೇ?

ಮೊದಲು ಲೋಟ ಅಲ್ಲಾಡಿಸದೆ ಮೂಸಬೇಕು. ದೋಷಗಳು ಸಿಗುವುದು ಆಗಲೇ. ಆರನೆಯ ಲೋಟದಲ್ಲಿ ಮಳೆಗಾಲದ ಗೋಣಿಚೀಲದ, ನೆನೆದ ರಟ್ಟಿನ ವಾಸನೆಯಿತ್ತು. ಇದು ಬಿರಡೆಯಿಂದ ಬರುವ ಟಿಸಿಎ ಎಂಬ ರಾಸಾಯನಿಕದ್ದು, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಅದಕ್ಕಿಂತ ಕಡಿಮೆ ಇದ್ದಾಗ ಹೆಚ್ಚು ಮೋಸ, ಏಕೆಂದರೆ ಆಗ ಕೆಟ್ಟ ವಾಸನೆ ಕಾಣದು, ಹಣ್ಣಿನ ಪರಿಮಳ ಮಾತ್ರ ಸತ್ತಿರುತ್ತದೆ, ತೋಟವೇ ಸಪ್ಪೆ ಎಂದು ಅಂಕ ಕಡಿಯುತ್ತೇವೆ. ಎಷ್ಟು ಗಾಳಿಯಾಡಿಸಿದರೂ ಇದು ಹೋಗುವುದಿಲ್ಲ. ಅದೇ ವೈನಿನ ಇನ್ನೊಂದು ಬಾಟಲಿ ತೆಗೆಯಬೇಕಾಯಿತು. ಎರಡನೆಯ ಲೋಟದಲ್ಲಿದ್ದ ಗೀರಿದ ಬೆಂಕಿಕಡ್ಡಿಯ ವಾಸನೆ ಮಾತ್ರ ಹದಿನೈದು ನಿಮಿಷ ಲೋಟ ತಿರುಗಿಸುವಷ್ಟರಲ್ಲಿ ತಾನೇ ಹೋಯಿತು. ಗಂಧಕದ ಅಂಶಗಳಿಂದ ಬರುವ ಆ ವಾಸನೆಯನ್ನು ಕಂಡ ಕೂಡಲೇ ಬಾಟಲಿ ಪಕ್ಕಕ್ಕಿಡಬಾರದು.

ಬಾಯಿಗೆ ಒಂದೇ ಗುಟುಕು, 10 ಮಿಲಿಲೀಟರಿನಷ್ಟು. ಬಾಯೊಳಗೆ ಹತ್ತು ಸೆಕೆಂಡು ಹೊರಳಾಡಿಸಿ, ತುಟಿಯ ನಡುವೆ ಗಾಳಿ ಎಳೆದುಕೊಂಡು, ಉಗುಳಿಬಿಡಬೇಕು. ನುಂಗುತ್ತ ಹೋದರೆ ನಾಲ್ಕನೆಯ ಲೋಟಕ್ಕೇ ತೀರ್ಪು ಮೆತ್ತಗಾಗುತ್ತದೆ. ಉಗುಳಿದ ಮೇಲೆ ಪರಿಮಳ ಎಷ್ಟು ಸೆಕೆಂಡು ಉಳಿಯಿತೆಂದು ಎಣಿಸುತ್ತಾರೆ, ಒಂದು ಸೆಕೆಂಡಿಗೆ ಫ್ರೆಂಚರು ಒಂದು 'ಕೋದಾಲಿ' ಎನ್ನುತ್ತಾರೆ. ನಡುವೆ ನೀರು, ಸಪ್ಪೆ ಬ್ರೆಡ್ಡು, ಅಷ್ಟೆ. ಚೀಸ್ ಕೂಡದು, ಅದರ ಕೊಬ್ಬು ಮತ್ತು ಉಪ್ಪು ಒರಟು ವೈನನ್ನೂ ನಯ ಮಾಡಿ ತೋರಿಸುತ್ತವೆ.

ಬೋರ್ಡೊ ವೈನ್ ತೂಗುವಾಗ ಕನ್ನಡದವರಿಗೆ ಒಂದು ಅನುಕೂಲವಿದೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ವೈನಿಗೆ ಇಳಿಯುವ ಟ್ಯಾನಿನ್ ಮಾಡುವ ಕೆಲಸಕ್ಕೆ ನಮ್ಮಲ್ಲಿ 'ಒಗರು' ಎಂಬ ಪದವಿದೆ, ಅದನ್ನು ಯಾರೂ ಕಹಿಯ ಜೊತೆ ಗೊಂದಲ ಮಾಡಿಕೊಳ್ಳುವುದಿಲ್ಲ. ಟ್ಯಾನಿನ್ ಉಗುಳಿನ ಪ್ರೋಟೀನಿಗೆ ಅಂಟಿಕೊಂಡಾಗ ಬಾಯಿಯ ಜಾರಿಕೆ ಹೋಗುತ್ತದೆ, ಒಣಗಿದಂತಾಗುತ್ತದೆ. ಅದು ನಾಲಿಗೆಯ ರುಚಿಗಿಂತ ಸ್ಪರ್ಶಕ್ಕೆ ಹತ್ತಿರ. ನೇರಳೆ ಹಣ್ಣಿನ ಒಗರು ನಾಲಿಗೆಯ ಮೇಲೆ ಹರಡಿ, ಹಣ್ಣಿನ ಸಿಹಿಯ ಜೊತೆಗೇ ಇಳಿಯುತ್ತದೆ. ಎಳೆ ಬಾಳೆಕಾಯಿಯದು ವಸಡಿಗೆ ಅಂಟಿ ಕೂರುತ್ತದೆ. ಅಡಿಕೆ ಬೇಯಿಸಿದ ಚೊಗರನ್ನು ನಾಲಿಗೆಗೆ ಹಚ್ಚಿ ನೋಡಿದ ಮಲೆನಾಡಿನವರಿಗೆ ಮೂರನೆಯ ಬಗೆಯೂ ಗೊತ್ತು, ದಟ್ಟವಾದದ್ದು, ಕೆನ್ನೆಯ ಒಳಗೋಡೆಯನ್ನೇ ಹಿಡಿಯುವಂಥದ್ದು. ಮಾಗಿದ ದ್ರಾಕ್ಷಿಯ ಸಿಪ್ಪೆ ಕೊಡುವುದು ನೇರಳೆಯ ಒಗರು. ಮಾಗದ ಬೀಜದಿಂದ, ಅತಿಯಾಗಿ ಕಲಕಿ ಹಿಂಡಿದ್ದರಿಂದ ಬರುವುದು ಬಾಳೆಕಾಯಿಯ ಒಗರು. ಹಣ್ಣಿನ ರುಚಿ ಮುಗಿದ ಮೇಲೆ ಒಗರೊಂದೇ ಬಾಯಲ್ಲಿ ನಿಂತರೆ ಆ ವೈನನ್ನು ಇನ್ನೆಷ್ಟು ವರ್ಷ ಇಟ್ಟರೂ ಪ್ರಯೋಜನವಿಲ್ಲ, ಹಣ್ಣು ಇನ್ನೂ ಬೇಗ ಆರುತ್ತದೆ. ಎರಡೂ ಒಟ್ಟಿಗೆ ಇಳಿದರೆ ಇಡಬಹುದು.

ಮೊದಲ ಸುತ್ತಿನ ಅಂಕ ಪೆನ್ಸಿಲಿನಲ್ಲಿ, ಇಪ್ಪತ್ತಕ್ಕೆ. ಗಡುಸಾದ ವೈನಿನ ನಂತರ ಬಂದದ್ದು ನೀರೆನಿಸುತ್ತದೆ, ಅದು ಸರದಿಯ ತಪ್ಪು, ವೈನಿನದಲ್ಲ. ಆದ್ದರಿಂದ ಒಂದು ಗಂಟೆ ಬಿಟ್ಟು ಎರಡನೆಯ ಸುತ್ತನ್ನು ಎಂಟರಿಂದ ಒಂದಕ್ಕೆ ತಿರುಗಿಸಿ ನಡೆಸಬೇಕು. ಹಾಗೆ ಮಾಡಿದಾಗ ಮೂರನೆಯ ಲೋಟ 13ರಿಂದ 15ಕ್ಕೆ ಏರಿತು. ಬಟ್ಟೆ ತೆಗೆದಾಗ ಅದು ಮಾರ್ಗೊ. ಅದರ ಮುಂಚೆ ಬಂದಿದ್ದು ಪೋಯಾಕ್, ಅದರ ಕೆಳಗೆ ಮಾರ್ಗೊದ ನಯ ಮುಚ್ಚಿಹೋಗಿತ್ತು.

ಮೇಲೆ ನಿಂತದ್ದು ಸಾಂ-ಎಸ್ತೆಫ್: ಕಪ್ಪು ಹಣ್ಣು, ಚೂಪು ಮಾಡಿದ ಪೆನ್ಸಿಲಿನ ಮರ, ಹಿಂದೆಲ್ಲೋ ತೆಳ್ಳಗೆ ದೊಣ್ಣೆಮೆಣಸಿನಕಾಯಿ. ಆ ಹಸಿ ವಾಸನೆ ಪಿರಾಜಿನ್ ಎಂಬ ಅಂಶದ್ದು, ಹಣ್ಣು ಮಾಗಿದಂತೆ ಕಡಿಮೆಯಾಗುತ್ತದೆ. ಇಷ್ಟು ಉಳಿದಿರುವುದು ತಂಪು ಬೇಸಿಗೆಯ ಗುರುತು, ಇಷ್ಟೇ ಉಳಿದಿರುವುದು ಸೆಪ್ಟೆಂಬರ್ ಬಿಸಿಲಿನ ಗುರುತು. 2014ರಲ್ಲಿ ಮೆದೋಕ್‌ನ ಉತ್ತರ ತುದಿಗೆ ಮಳೆಯೂ ಕಡಿಮೆ ಬಿದ್ದಿತ್ತು. ಸಾಂತ್-ಎಮಿಲಿಯೊಂ ಎರಡರಲ್ಲಿ ಒಂದು ಚೆನ್ನಾಗಿತ್ತು. ಇನ್ನೊಂದರಲ್ಲಿ ಓಕ್ ಪೀಪಾಯಿಯ ಸುಟ್ಟ ವೆನಿಲಾ ಮುಂದೆ, ಹಣ್ಣು ಹಿಂದೆ. ತೆಳುವಾದ ವರ್ಷದಲ್ಲಿ ಹೊಸ ಪೀಪಾಯಿ ಹೆಚ್ಚು ಬಳಸಿದರೆ ಆಗುವುದು ಹೀಗೆಯೇ. ಪೊಮೆರೊಲ್ ಮೃದುವಾಗಿತ್ತು, ಈಗಲೇ ಕುಡಿಯಲು ಯೋಗ್ಯ.

ಉಳಿದದ್ದಕ್ಕೆಲ್ಲ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಮರುದಿನ ಮತ್ತೆ 17 ಡಿಗ್ರಿಗೆ ತಂದು ನೋಡಿದೆವು. ಓಕ್ ಮುಂದಾಗಿದ್ದ ಸಾಂತ್-ಎಮಿಲಿಯೊಂ ಸಪ್ಪೆಯಾಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಹಿಡಿದಿತ್ತು. ಪೋಯಾಕ್ ಹಿಂದಿನ ದಿನದಷ್ಟೇ ಇತ್ತು. ಸಾಂ-ಎಸ್ತೆಫ್ ಬಿಚ್ಚಿಕೊಂಡಿತ್ತು, ಚೊಗರಿನಂತಿದ್ದ ಒಗರು ನೇರಳೆಯ ಕಡೆಗೆ ವಾಲಿತ್ತು. ಅದರ ಅಂಕ 17ರಿಂದ 17.5ಕ್ಕೆ ತಿದ್ದಿ, ನೆಲಮಾಳಿಗೆಯಲ್ಲಿದ್ದ ಅದೇ ಪೆಟ್ಟಿಗೆಯ ಮೇಲೆ 'ಇನ್ನೂ ಎಂಟು ವರ್ಷ' ಎಂದು ಬರೆದಿಟ್ಟೆವು.